ಮಲಗಿದೆಯೋ, ಎದ್ದಿದೆಯೋ

ಆ ಮನೆಯಲ್ಲಿ ಮೊಟ್ಟೆ ಬೇಯುತ್ತಿದ್ದದ್ದು ಮಾನಸಾಗೆ ಮಾತ್ರ. ಅತ್ತೆ ಅಣ್ಣಮ್ಮ ಒಲೆಯ ಮುಂದೆ ಕೂತು, ಬೆಂದ ಮೊಟ್ಟೆಯನ್ನು ತಣ್ಣೀರಿಗೆ ಬಿಟ್ಟು, ಸಿಪ್ಪೆ ಸುಲಿದು, ಮೇಲೆ ಚಿಟಿಕೆ ಮೆಣಸಿನ ಪುಡಿ ಉದುರಿಸಿ, ಮಂಡಿನೋವನ್ನೂ ಮರೆತು ತಾನೇ ಎದ್ದು ಹೋಗಿ ಕಿರಿಯ ಸೊಸೆಯ ಕೈಗೆ ಕೊಟ್ಟು ಬರುತ್ತಿದ್ದಳು. ಹಿರಿಯ ಸೊಸೆ ಕೋಮಲಾ ಮುದ್ದೆ ಕಟ್ಟುತ್ತಲೇ ಇದನ್ನು ನೋಡುತ್ತಿದ್ದಳು. ನೋಡಿಯೂ ನೋಡದವಳಂತೆ ಇರುವುದು ಅವಳಿಗೆ ಒಗ್ಗಿಹೋಗಿತ್ತು. ಕಾಲುಸೂಪಿನ ಲೋಟ ತುಂಬಿದೆಯೋ ಅರ್ಧವೋ, ಅನ್ನದ ಮೇಲೆ ಬಿದ್ದ ತುಪ್ಪ ಇಂಗಿತೋ ಇನ್ನೂ ತೇಲುತ್ತಿದೆಯೋ, ಮೈದುನ ಮಂಜೇಶ್ ಹಾಸನದಿಂದ ತಂದ ದಾಳಿಂಬೆಯಲ್ಲಿ ಎಷ್ಟು ನಡುಮನೆಗೆ ಬಂತು, ಎಷ್ಟು ನೇರವಾಗಿ ಅವನ ಹೆಂಡತಿಯ ಕೋಣೆಗೆ ಹೋಯಿತು, ಎಲ್ಲವೂ ಅವಳ ಕಣ್ಣಿಗೆ ಬೀಳುತ್ತಿತ್ತು. ಕಣ್ಣಿಗೆ ಬಿದ್ದದ್ದು ಹೊಟ್ಟೆಗಿಳಿದು ಅಲ್ಲಿ ಉರಿಯುತ್ತಿತ್ತು.

ಮಾನಸಾಗೆ ಕ್ಷಯ. ಮಾತ್ರೆ ಶುರುವಾಗಿ ಕೆಲವು ತಿಂಗಳಾಗಿತ್ತು. ಕೆನ್ನೆ ತುಂಬಿಕೊಳ್ಳುತ್ತಿತ್ತು, ಕೆಮ್ಮು ನಿಂತಿತ್ತು, ಇನ್ನು ಅವಳಿಂದ ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರೇ ಹೇಳಿದ್ದರು. ಆದರೂ ಮನೆಯವರ ಕಣ್ಣಿಗೆ ಅವಳಿನ್ನೂ ಗಾಜಿನ ಬಳೆ.

ರೋಗ ಹತ್ತಿದ್ದು ಬಾಣಂತನದಲ್ಲಿ. ಮಾನಸಾಳ ತವರು ಚನ್ನರಾಯಪಟ್ಟಣ. ಚೊಚ್ಚಲ ಹೆರಿಗೆ ಅಲ್ಲೇ ಆಗಬೇಕಿತ್ತು. ಆದರೆ ಅವಳ ಅತ್ತಿಗೆಗೂ ಅದೇ ಹೊತ್ತಿಗೆ ಮಗುವಾಗಿ, ಒಂದೇ ಸೂರಿನಡಿ ಎರಡು ಬಾಣಂತನ ಕೂಡದೆಂದು ಆ ಕಡೆಯ ಹಿರಿಯರು ಮುಖ ಗಂಟು ಹಾಕಿದರು. ‘ಅವ್ರ ಶಾಸ್ತ್ರ ಅವ್ರಿಗಿರ್ಲಿ, ನನ್ನ ಮೊಮ್ಮಗ ನನ್ನ ಮನೇಲೇ ಬೆಳೀಲಿ’ ಎಂದು ಅಣ್ಣಮ್ಮ ಸೊಸೆಯನ್ನೂ ಕೂಸು ವಂಶಿಯನ್ನೂ ಆಸ್ಪತ್ರೆಯಿಂದ ಸೀದಾ ತಮ್ಮೂರು ಕಟ್ಟಾಯಕ್ಕೆ ಕರೆತಂದಳು. ಬಂದ ಸ್ವಲ್ಪ ದಿನಕ್ಕೇ ಮಾನಸಾ ಕೆಮ್ಮತೊಡಗಿದಳು. ‘ಬಾಣಂತಿ ಶೀತ’ ಎಂದು ಅಣ್ಣಮ್ಮ ತೀರ್ಪು ಕೊಟ್ಟಳು. ಶೀತಕ್ಕೆ ಗಾಳಿ ಆಗದು. ಕಿಟಕಿ ಮುಚ್ಚಿದ್ದಾಯಿತು, ಮುಚ್ಚಿದ ಕಿಟಕಿಯ ಸಂದಿಗೆ ಗೋಣಿಚೀಲ ತುರುಕಿದ್ದಾಯಿತು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊತ್ತೊತ್ತಿಗೆ ಸಾಂಬ್ರಾಣಿ ಹೊಗೆ. ರಾತ್ರಿ ಕೂಸನ್ನು ಎತ್ತಿಕೊಳ್ಳಲು, ಬಾಣಂತಿಯ ಬೆನ್ನು ನೀವಲು ಆ ಕೋಣೆಯೊಳಗೆ ಮಲಗಿದವಳು ಕೋಮಲಾ. ಕೆಮ್ಮಿದವಳ ಉಸಿರು ಹೊರಗೆ ಹೋಗಲು ದಾರಿಯಿರಲಿಲ್ಲ. ಅದು ಎಲ್ಲಿಗೆ ಹೋಗುತ್ತಿದೆ ಎಂದು ಯಾರೂ ಯೋಚಿಸಲಿಲ್ಲ. ಮಾನಸಾ ಕಫದಲ್ಲಿ ರಕ್ತ ಕಂಡು ಕಿರುಚಿದ ದಿನವೇ ಮನೆಯವರು ಹಾಸನದ ದಾರಿ ಹಿಡಿದದ್ದು. ಕೂಸಿಗೆ ಏನೂ ಆಗಿರಲಿಲ್ಲ, ದೇವರು ದೊಡ್ಡವನು. ಮುಂಜಾಗ್ರತೆಗೆಂದು ಅದಕ್ಕೂ ಔಷಧಿ ಕೊಟ್ಟಿದ್ದರು.

ರೋಗ ಬಂತು ಎಂಬುದಕ್ಕಲ್ಲ, ರೋಗದ ಹಿಂದೆಯೇ ಬಂದ ಉಪಚಾರಕ್ಕೆ ಕೋಮಲಾಗೆ ಸಂಕಟ. ಅವಳು ಅರಕಲಗೂಡು ಕಡೆಯವಳು. ಹೊಳೆನರಸೀಪುರದ ಕಾಲೇಜಿನಲ್ಲಿ ಬಿ.ಎ. ಓದಿದ್ದಳು. ಒಂದು ಮಾತು ಆಡಬೇಕಾದರೆ ಮೊದಲು ನಾಲಗೆಯ ಮೇಲೆ ಹೊರಳಿಸಿ ನೋಡುವವಳು. ಮಗಳು ಇಂಚರ ಹುಟ್ಟಿದಾಗ ಅವಳಿಗೆ ತಾಯಿ ಇರಲಿಲ್ಲ, ಅಣ್ಣನ ಹೆಂಡತಿ ಹಬ್ಬದ ನೆಪ ಹೇಳಿ ಬೇಗನೆ ಬಸ್ಸು ಹತ್ತಿಸಿದ್ದಳು. ಇಲ್ಲಿ ಬಂದರೆ ಅಣ್ಣಮ್ಮ ಕೊಟ್ಟಿಗೆಯಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡು ಮಲಗಿದ್ದಳು. ಹಸಿಮೈಯ ಕೋಮಲಾ ಸೊಂಟಕ್ಕೆ ಬಟ್ಟೆಯನ್ನು ತಾನೇ ಬಿಗಿದುಕೊಂಡು, ಒಂದು ಕಂಕುಳಲ್ಲಿ ಕೂಸು ಇಟ್ಟುಕೊಂಡು ಮನೆಮಂದಿಗೆಲ್ಲ ಮುದ್ದೆ ಕಟ್ಟಿದ್ದಳು. ಯಾರ ತಪ್ಪೂ ಅಲ್ಲ. ಯಾರ ತಪ್ಪೂ ಅಲ್ಲದ್ದಕ್ಕೆ ಜಗಳ ಆಡುವಂತೆಯೂ ಇರಲಿಲ್ಲ. ಅದಕ್ಕೇ ಅದು ಅಷ್ಟು ವರ್ಷ ಹಾಗೇ ಒಳಗೆ ಉಳಿದಿತ್ತು.

ಈಗ ಅವಳ ಮೈಯಲ್ಲೂ ಏನೋ ಸರಿಯಿರಲಿಲ್ಲ. ಇಳಿಹೊತ್ತಾದರೆ ಬೆನ್ನಿನಲ್ಲಿ ಸಣ್ಣಗೆ ಚಳಿ ಹುಟ್ಟುತ್ತಿತ್ತು. ರವಿಕೆ ತೋಳಲ್ಲಿ ಸಡಿಲವಾಗಿತ್ತು. ಒಣಕೆಮ್ಮು ಬಂದು ಹೋಗುತ್ತಿತ್ತು. ಹೇಳಬೇಕೋ ಬೇಡವೋ ಎಂದು ಅಳೆದು ತೂಗಿ, ಕೊನೆಗೆ ಹೇಳಬಾರದ ಹೊತ್ತಿನಲ್ಲಿ ಹೇಳಿಬಿಟ್ಟಳು. ಎಲ್ಲರೂ ಊಟಕ್ಕೆ ಕೂತಿದ್ದರು. ಅಣ್ಣಮ್ಮ ಮಾನಸಾಳ ತಟ್ಟೆಗೆ ಮೊಟ್ಟೆ ಇಡುತ್ತಿದ್ದಳು.

‘ಅತ್ತೆ, ನಂಗೂ ಸಂಜೆ ಹೊತ್ತು ಜ್ವರ ಬಂದಂಗಾಯ್ತದೆ. ಕೆಮ್ಮೂ ಐತೆ.’

ಅಣ್ಣಮ್ಮನ ಕೈ ಅಲ್ಲೇ ನಿಂತಿತು. ‘ಏನವ್ವಾ ಕೋಮಲಾ, ಓರಗಿತ್ತಿ ಸೀರೆ ಉಟ್ರೆ ನಿಂಗೂ ಸೀರೆ, ಓರಗಿತ್ತಿ ಕೆಮ್ಮಿದ್ರೆ ನಿಂಗೂ ಕೆಮ್ಮಾ?’

ಮಂಜೇಶ್ ಅನ್ನ ನೆತ್ತಿಗೇರುವಂತೆ ನಕ್ಕ. ಕೋಮಲಾಳ ಗಂಡ ನಟರಾಜ್, ಆಲೂಗಡ್ಡೆ ಶುಂಠಿ ಹೇರಿಕೊಂಡು ಹಾಸನದ ಮಾರುಕಟ್ಟೆಗೆ ಟೆಂಪೋ ಓಡಿಸುವವನು, ತಾಯಿಯ ಮಾತಿಗೆ ಒಗ್ಗರಣೆ ಹಾಕದೆ ಬಿಡುವವನಲ್ಲ.

‘ಟೀಬೀನೂ ಇಲ್ಲ ಗೀಬೀನೂ ಇಲ್ಲ ಕಣವ್ವಾ. ಇವಳಿಗೆ ಬಂದಿರೋದು ಮೊಟ್ಟೆ ಜ್ವರ. ಒಂದು ಮೊಟ್ಟೆ ಇಕ್ಕು, ಇಳ್ದೋಯ್ತದೆ.’

ಎಲ್ಲರೂ ನಕ್ಕರು, ಇಂಚರಾಳೂ ಸೇರಿ. ಮಾನಸಾ ಒಬ್ಬಳು ನಗದೆ ತಟ್ಟೆ ನೋಡುತ್ತಾ ಕೂತಿದ್ದಳು. ಅದು ಕೋಮಲಾಗೆ ನಗುವುದಕ್ಕಿಂತ ಹೆಚ್ಚು ಚುಚ್ಚಿತು. ಗೆದ್ದವರು ನಗಬೇಕಾಗಿಲ್ಲ.

ಅಂದಿನಿಂದ ‘ಮೊಟ್ಟೆ ಜ್ವರ’ ಎಂಬುದು ಮನೆಯ ಮಾತಾಯಿತು. ಕೋಮಲಾ ಒಂದು ಸಲ ಕೆಮ್ಮಿದರೆ ‘ಕೋಳಿ ಮೊಟ್ಟೆ ಇಡ್ತಾ ಐತೆ ನೋಡು’ ಎಂದು ನಟರಾಜ್ ಕೂಗುತ್ತಿದ್ದ. ಅದಕ್ಕಿಂತ ಕೆಟ್ಟದ್ದೆಂದರೆ ಅವಳಿಗೇ ಅನುಮಾನ ಹುಟ್ಟಿದ್ದು. ಸೂಪಿನ ವಾಸನೆ ಬರುವ ಹೊತ್ತಿಗೇ ಏಕೆ ಮೈ ಬಿಸಿಯಾಗುತ್ತದೆ? ಮಂಜೇಶ್ ಹೆಂಡತಿಯ ಪಕ್ಕ ಕೂತು ದಾಳಿಂಬೆ ಬಿಡಿಸುವಾಗಲೇ ಏಕೆ ಕೆಮ್ಮು ಬರುತ್ತದೆ? ಅಸೂಯೆಗೂ ಜ್ವರ ಬರುತ್ತದೆಯೇ? ಬಂದರೆ ಅದು ಎಷ್ಟು ಡಿಗ್ರಿಯವರೆಗೆ ಏರಬಹುದು? ಕದ್ದು ಕಂಕುಳಲ್ಲಿ ಥರ್ಮಾಮೀಟರ್ ಇಟ್ಟುಕೊಂಡಳು. ನೂರರ ಆಸುಪಾಸಿನಲ್ಲಿ ನಿಂತಿತು. ಹೌದೆನ್ನಲೂ ಸಾಲದು, ಇಲ್ಲವೆನ್ನಲೂ ಸಾಲದು.

ಸರ್ಕಾರಿ ಆಸ್ಪತ್ರೆಯ ಟೀಬಿ ವಿಭಾಗದ ದಿಲೀಪ್ ಬೈಕಿನಲ್ಲಿ ಬಂದು, ರೋಗಿಯ ಜೊತೆ ಇದ್ದವರೆಲ್ಲರಿಗೂ ಪರೀಕ್ಷೆ ಆಗಲೇಬೇಕು ಎಂದ. ಎಲ್ಲರ ರಕ್ತ ತೆಗೆದರು. ಇಂಚರ ಒಬ್ಬಳದ್ದು ಉಳಿಯಿತು. ಸೂಜಿ ಕಂಡರೆ ಊರು ಒಂದಾಗುವಂತೆ ಕಿರುಚುವ ಮಗು, ಇನ್ನೊಮ್ಮೆ ನೋಡೋಣ ಎಂದು ಕೋಮಲಾಳೇ ಅವಳನ್ನು ಪಕ್ಕದ ಮನೆಗೆ ಕಳಿಸಿದ್ದಳು. ಜ್ವರದ ಮಾತು ಹೇಳಿದ್ದರಿಂದ ಕೋಮಲಾಳ ಕಫವನ್ನೂ ಎದೆಯ ಎಕ್ಸ್‌ರೇಯನ್ನೂ ಬೇರೆಯಾಗಿ ನೋಡಿದರು. ಕಫದಲ್ಲಿ ರೋಗಾಣು ಇಲ್ಲ. ಎಕ್ಸ್‌ರೇ ಸ್ವಚ್ಛ. ಆದರೆ ರಕ್ತದಲ್ಲಿ ಟೀಬಿ ಗುರುತು ಇದೆ.

ಆ ಮಾತು ಕೇಳಿದಾಗ ಕೋಮಲಾಳ ಎದೆಯಲ್ಲಿ ಸಂತೋಷ ಬುಗ್ಗೆಂದು ಎದ್ದಿತು. ಮುಖದಲ್ಲಿ ಕಾಣಬಾರದೆಂದು ಸೆರಗಿನಿಂದ ಬಾಯಿ ಒರೆಸಿಕೊಂಡಳು. ನೋಡಿದಿರಾ, ಎಂದು ಒಳಗೆ ಒಬ್ಬಳು ಕುಣಿಯುತ್ತಿದ್ದಳು.

‘ಗಾಬರಿ ಬ್ಯಾಡಿ ಅಕ್ಕ,’ ಎಂದ ದಿಲೀಪ್. ‘ಅಣ್ಣಮ್ಮನೋರಿಗೂ ಬಂದೈತೆ, ನಟರಾಜಣ್ಣಂಗೂ ಬಂದೈತೆ. ರೋಗಾಣು ಯಾವತ್ತೋ ಒಳಗೆ ಹೊಕ್ಕೈತೆ ಅಂತ ಅಷ್ಟೆಯ. ಬಾಳ ಜನಕ್ಕೆ ಅದು ಒಳಗೇ ಮಲಗಿರ್ತದೆ, ಸಾಯೋಗಂಟ ಏಳಾಕಿಲ್ಲ. ಏಳದಂಗೆ ವಾರಕ್ಕೊಂದ್ಸಲ ಮಾತ್ರೆ ಕೊಡ್ತೀವಿ.’

ಅಣ್ಣಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. ‘ನಂಗೂವಾ? ನಾನು ದಿನಾ ಎಮ್ಮೆ ಕರೆದು ಮೂಟೆ ಹುಲ್ಲು ಹೊರ್ತೀನಿ ಕಣಪ್ಪಾ. ಅಂಗಾದ್ರೆ ನನ್ನ ಸೊಸೆ ಕಾಯ್ಲೆ ನನ್ನಷ್ಟೇ ಗಟ್ಟಿ ಬುಡು!’

ಕೋಮಲಾಳ ಒಳಗೆ ಕುಣಿಯುತ್ತಿದ್ದವಳು ಕೂತುಬಿಟ್ಟಳು. ಮನೆಯಲ್ಲಿ ಎಲ್ಲರಿಗೂ ಇರುವುದು ಯಾರಿಗೂ ಇಲ್ಲದಂತೆಯೇ. ಆದರೆ ದಿಲೀಪ್ ಕೋಮಲಾಳ ಮಾತ್ರೆಯನ್ನು ಮಾತ್ರ ಕೊಡದೆ ಚೀಲಕ್ಕೆ ವಾಪಸ್ಸು ಹಾಕಿದ. ‘ನಿಮಗೆ ಜ್ವರ ಐತೆ ಅಂತೀರಿ. ಸುಮ್ನೆ ಶುರು ಮಾಡಂಗಿಲ್ಲ. ಹಾಸನದ ಮೆಡಿಕಲ್ ಕಾಲೇಜಲ್ಲಿ ಡಾಕ್ಟರ್ ಭವ್ಯಶ್ರೀ ಅಂತ ಅವ್ರೆ. ರಕ್ತದಲ್ಲೇ ಅದು ಮಲಗೈತಾ ಎದ್ದೈತಾ ಅಂತ ನೋಡೋ ಸಂಶೋಧನೆ ಮಾಡ್ತಾವ್ರೆ. ಮಾನಸಕ್ಕನೂ ಅಲ್ಲೇ ತೋರಿಸ್ತಿರೋದು, ಅವ್ರ ಜೊತೆ ಓಗ್ಬನ್ನಿ.’

ಹಾಗೆ ಇಬ್ಬರು ಓರಗಿತ್ತಿಯರೂ ಹಾಸನದ ಬಸ್ಸು ಹತ್ತಿದರು. ಕಂಡಕ್ಟರು ಮಾನಸಾಳ ಮುಖದ ಮಾಸ್ಕ್ ನೋಡಿ ಕಿಟಕಿಯ ಪಕ್ಕದ ಸೀಟು ಬಿಡಿಸಿಕೊಟ್ಟ. ಕೋಮಲಾ ಕಂಬ ಹಿಡಿದು ನಿಂತೇ ಬಂದಳು. ಆಸ್ಪತ್ರೆಯಲ್ಲೂ ಅದೇ ಕಥೆ. ಯಾವ ಮೆಟ್ಟಿಲು, ಯಾವ ಬಾಗಿಲು, ಎಲ್ಲಿ ಚಪ್ಪಲಿ ಬಿಡಬೇಕು, ಎಲ್ಲ ಮಾನಸಾಗೆ ತವರುಮನೆಯಂತೆ ಗೊತ್ತಿತ್ತು. ‘ಈ ಕಡೆ ಬನ್ನಿ ಅಕ್ಕ, ಆ ಕಡೆ ಅಲ್ಲ’ ಎಂದು ಮುಂದೆ ಮುಂದೆ ನಡೆಯುತ್ತಿದ್ದವಳ ಹಿಂದೆ ಬಿ.ಎ. ಓದಿದ ಕೋಮಲಾ ಕರುವಿನಂತೆ ಹೋದಳು.

ಡಾಕ್ಟರ್ ಭವ್ಯಶ್ರೀ ಚಿಕ್ಕ ವಯಸ್ಸಿನವರು. ಕನ್ನಡಕ, ಬಿಗಿಯಾಗಿ ಕಟ್ಟಿದ ಕೂದಲು. ಮಾನಸಾಳನ್ನು ಕಂಡ ಕೂಡಲೇ ‘ಬನ್ನಿ ಮಾನಸಾ, ವಂಶಿ ಹೇಗಿದಾನೆ? ಹಲ್ಲು ಬಂತಾ?’ ಎಂದು ಕೇಳಿ, ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು. ಪರದೆಯ ತುಂಬ ಚುಕ್ಕಿಗಳು, ಇರುವೆ ಗೂಡು ಒಡೆದಂತೆ.

‘ಇದು ಮೊದಲ ಸಲ ತೆಗೆದ ನಿಮ್ಮ ರಕ್ತ. ಮೇಲುಗಡೆ ಎಷ್ಟು ಚುಕ್ಕಿ ನೋಡಿ, ಅವೆಲ್ಲ ಎದ್ದು ಹೋರಾಡ್ತಿದ್ದ ಕಣಗಳು. ಇದು ಹೋದ ತಿಂಗಳದ್ದು. ಕೆಳಗಿಳಿದುಬಿಟ್ಟಿವೆ. ತುಂಬಾ ಚೆನ್ನಾಗಿ ಮಲಗ್ತಾ ಇವೆ ನಿಮ್ಮ ಕಣಗಳು.’

ಮಾನಸಾಳ ಕಣ್ಣು ಅರಳಿತು. ರಕ್ತದ ಕಣಕ್ಕೂ ಹೊಗಳಿಕೆಯೇ, ಎಂದುಕೊಂಡಳು ಕೋಮಲಾ. ತನ್ನವು ಹೇಗಿದ್ದಾವೋ ಎಂದು ಯಾರಾದರೂ ಈವರೆಗೆ ಕೇಳಿದ್ದಾರೆಯೇ?

ಅವಳ ಸರದಿ ಬಂತು. ತೋಳಿಗೆ ಪಟ್ಟಿ ಬಿಗಿದು ರಕ್ತ ತೆಗೆದರು. ಗಾಜಿನ ನಳಿಗೆಯೊಳಗೆ ಅದು ಕಪ್ಪಗೆ ತುಂಬುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು.

‘ದಿಲೀಪ್ ಮಾಡಿಸಿದ್ದೂ ರಕ್ತಪರೀಕ್ಷೆಯೇ ಅಲ್ಲವೇ ಡಾಕ್ಟ್ರೇ?’ ಎಂದು ಕೇಳಿದಳು. ಡಾಕ್ಟರ ಮುಂದೆ ಅವಳ ಮಾತು ತಾನಾಗಿ ಕಾಲೇಜಿನ ಮಾತಾಗಿತ್ತು. ‘ಅದು ಹೇಳದೆ ಇರೋದನ್ನ ಇದು ಹೇಗೆ ಹೇಳುತ್ತೆ?’

ಭವ್ಯಶ್ರೀ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ‘ನಿಮ್ಮೂರಲ್ಲಿ ನಾಯಿಗಳಿವೆಯಲ್ಲ? ಕಳ್ಳ ಒಂದು ಸಲ ಬಂದು ಹೋದರೆ ಅವನ ವಾಸನೆ ನಾಯಿಗೆ ಮರೆಯಲ್ಲ. ವರ್ಷ ಕಳೆದರೂ ಗುರುತು ಹಿಡಿಯುತ್ತೆ. ದಿಲೀಪ್ ಮಾಡಿಸಿದ ಪರೀಕ್ಷೆ ಹೇಳೋದು ಅಷ್ಟೇ, ನಿಮ್ಮ ರಕ್ತದ ಕಾವಲು ಕಣಗಳಿಗೆ ಟೀಬಿಯ ವಾಸನೆ ಗೊತ್ತು ಅಂತ. ಆದರೆ ಕಳ್ಳ ಈಗ ಅಂಗಳದಲ್ಲೇ ಓಡಾಡ್ತಿದ್ದಾನಾ, ಇಲ್ಲ ಹುಲ್ಲುಮೆದೆಯಲ್ಲಿ ಬಿದ್ದು ನಿದ್ದೆ ಮಾಡ್ತಿದ್ದಾನಾ? ಅಂಗಳದಲ್ಲಿದ್ದರೆ ನಾಯಿಯ ಬೆನ್ನಿನ ಕೂದಲು ನಿಮಿರಿ ನಿಂತಿರುತ್ತೆ ನೋಡಿ. ನಾವು ಆ ಕೂದಲು ನೋಡ್ತೀವಿ. ನಿಮ್ಮ ಕಣಗಳಿಗೆ ಟೀಬಿಯ ಒಂದು ಚೂರು ಮೂಸೋಕೆ ಕೊಡ್ತೀವಿ. ಗುರುತು ಹಿಡಿದ ಕಣಗಳನ್ನ ಒಂದೊಂದಾಗಿ ಬೆಳಕಿನ ಮುಂದೆ ಹಾಯಿಸ್ತೀವಿ. ಇತ್ತೀಚೆಗೆ ಎದ್ದು ಹೋರಾಡ್ತಿರೋ ಕಣದ ಮೈಮೇಲೆ ಬೇರೆ ಗುರುತು ಇರುತ್ತೆ, ಅದು ಮಿನುಗುತ್ತೆ.’

‘ಮಲಗಿದ್ದರೂ ಎದ್ದಿದ್ದರೂ ಮಾತ್ರೆ ಇದೆಯಲ್ಲ?’

‘ಮಲಗಿದ್ದರೆ ವಾರಕ್ಕೊಮ್ಮೆ ನುಂಗೋ ಮಾತ್ರೆ ಸಾಕು. ಎದ್ದಿದ್ದರೆ ನಾಲ್ಕು ಔಷಧಿ ಒಟ್ಟಿಗೆ, ದಿನಾ, ತಿಂಗಳುಗಟ್ಟಲೆ. ಎದ್ದಿರೋ ರೋಗಕ್ಕೆ ಮಲಗಿರೋದರ ಮಾತ್ರೆ ಕೊಟ್ಟರೆ, ಅದು ಸಾಯಲ್ಲ. ಆ ಔಷಧಿಯನ್ನ ಸೋಲಿಸೋದು ಕಲಿತುಬಿಡುತ್ತೆ. ಆಮೇಲೆ ತುಂಬಾ ಕಷ್ಟ. ಅದಕ್ಕೇ ಅವಸರ ಮಾಡಲ್ಲ. ಇದು ಇನ್ನೂ ಸಂಶೋಧನೆಯ ಪರೀಕ್ಷೆ, ಇದೊಂದನ್ನೇ ನಂಬಿ ಔಷಧಿ ಕೊಡಲ್ಲ. ಎದ್ದಿದೆ ಅಂತ ಬಂದರೆ ಇನ್ನೂ ಒಳಗೆ ಹೋಗಿ ಹುಡುಕ್ತೀವಿ.’

ಎದ್ದಿರಲಿ, ಎಂದಿತು ಕೋಮಲಾಳ ಮನಸ್ಸು. ಅಷ್ಟು ಸ್ಪಷ್ಟವಾಗಿ, ದೇವರ ಮುಂದೆ ಕೇಳಿಕೊಂಡ ಹಾಗೆ. ಎದ್ದಿದ್ದರೆ ಅಣ್ಣಮ್ಮನ ಬಾಯಿ ಮುಚ್ಚುತ್ತದೆ, ನಟರಾಜ್ ಟೆಂಪೋ ನಿಲ್ಲಿಸಿ ದಾಳಿಂಬೆ ತರುತ್ತಾನೆ. ಒಂದೇ ಒಂದು ಸಲ ಅವಳು ಮಲಗಿ, ಈ ಮನೆ ಅವಳ ಸುತ್ತ ಎದ್ದು ನಿಲ್ಲಲಿ.

ಭವ್ಯಶ್ರೀ ಪೆನ್ನು ಕೈಗೆತ್ತಿಕೊಂಡರು. ‘ಇನ್ನೊಂದು. ರಾತ್ರಿ ನಿಮ್ಮ ಪಕ್ಕ ಯಾರು ಮಲಗ್ತಾರೆ?’

‘ಮಗಳು. ಇಂಚರ.’ ಹೇಳುವಾಗ ಕೋಮಲಾಳ ಮುಖದಲ್ಲಿ ನಗು ಮೂಡಿತು. ‘ನನ್ನ ಕತ್ತಿನ ಸಂದಿಗೆ ಮೂಗು ಇಟ್ಟೇ ಮಲಗಬೇಕು ಅವಳಿಗೆ. ಇಲ್ಲದಿದ್ದರೆ ನಿದ್ದೆ ಬರಲ್ಲ.’

ಡಾಕ್ಟರು ನಗಲಿಲ್ಲ. ‘ಅವಳ ರಕ್ತ ನೋಡಿದ್ದಾರಾ?’

‘ಇಲ್ಲ. ಸೂಜಿ ಕಂಡರೆ ಹೆದರ್ತಾಳೆ ಅಂತ ನಾನೇ...’

‘ಪರವಾಗಿಲ್ಲ. ಬೇಗ ಮಾಡಿಸಿ. ನಿಮ್ಮದು ಗೊತ್ತಾಗೋವರೆಗೆ ಸ್ವಲ್ಪ ದೂರ ಮಲಗಿಸಿ. ಕಿಟಕಿ ತೆಗೆದಿಡಿ.’

ವಾಪಸ್ಸು ಬರುವಾಗ ಬಸ್ಸು ಖಾಲಿಯಿತ್ತು. ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು. ಅವಳು ಹೊರಗೆ ನೋಡಲಿಲ್ಲ. ಮಲಗಿರಲಿ, ಮಲಗಿರಲಿ, ಎಂದು ಒಳಗೇ ಗೊಣಗುತ್ತಿದ್ದಳು. ಆಸ್ಪತ್ರೆಯಲ್ಲಿ ಬೇಡಿಕೊಂಡದ್ದು ಎಲ್ಲಿ ಯಾರ ಕಿವಿಗೆ ಬಿತ್ತೋ, ಅದನ್ನು ಹಿಂದಕ್ಕೆ ಪಡೆಯುವುದು ಹೇಗೆಂದು ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ಮಾನಸಾ ‘ಅಕ್ಕ, ನೀರು ಕುಡೀರಿ’ ಎಂದು ಬಾಟಲಿ ಚಾಚಿದಾಗ ಬೇಡವೆಂದು ತಲೆಯಾಡಿಸಿದಳು. ಇವಳ ಎದೆಯಿಂದ ಹೊರಟದ್ದಲ್ಲವೇ ಇದು? ಇವಳು ಕೊಟ್ಟದ್ದು, ತಾನು ಬಯಸಿದ್ದು. ಈಗ ಮಗುವಿಗೆ ಹೋಗಿದ್ದರೆ ಯಾರದೆನ್ನುವುದು?

ಮರುದಿನವೇ ಇಂಚರಾಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋಗಿ ರಕ್ತ ಕೊಡಿಸಿ ಬಂದಳು. ಮಗು ಕಿರುಚಿದ ಕಿರುಚಾಟಕ್ಕೆ ದಿಲೀಪನೇ ಕಿವಿ ಮುಚ್ಚಿಕೊಂಡ. ಅಂದು ರಾತ್ರಿ ಹಾಸಿಗೆ ಹಾಸುವಾಗ, ‘ಅಜ್ಜಿ ಹತ್ರ ಮಲಗು ಹೋಗು’ ಎಂದಳು. ಕಾರಣ ಹೇಳಲಿಲ್ಲ. ಕಾರಣ ಹೇಳಿದರೆ ‘ಮೊಟ್ಟೆ ಜ್ವರ ಮಗಳಿಗೂ ಬತ್ತದಾ?’ ಎಂಬ ನಗು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಇಂಚರ ತುಟಿ ಉಬ್ಬಿಸಿ, ದಿಂಬು ಅವುಚಿಕೊಂಡು, ಅಜ್ಜಿಯ ಗೊರಕೆ ಬೇಡವೆಂದು ಚಿಕ್ಕಮ್ಮನ ಕೋಣೆಗೆ ಹೋದಳು. ಅಲ್ಲಿ ವಂಶಿ ಇದ್ದ, ಆಟವಿತ್ತು. ಸ್ವಲ್ಪ ಹೊತ್ತಿಗೇ ಗೋಡೆಯಾಚೆ ಕಿಲಕಿಲ ಕೇಳಿಸಿತು.

ಎರಡು ದಿನ ಕಳೆಯುವುದರೊಳಗೆ ಇಂಚರ ಶಾಲೆಯಿಂದ ಬಂದವಳು ಬ್ಯಾಗು ಎಸೆದು ನೇರ ಅಲ್ಲಿಗೇ ಹೋಗತೊಡಗಿದಳು. ಮೊಟ್ಟೆಯ ಅರ್ಧ ಅವಳ ಪಾಲಾಯಿತು, ದಾಳಿಂಬೆಯ ಬೀಜ ಅವಳ ಅಂಗೈಗೆ ಬಂತು. ಕೋಮಲಾ ಮುದ್ದೆ ಕಟ್ಟುತ್ತಾ ನೋಡುತ್ತಿದ್ದಳು. ಮೊದಲು ಉರಿದಿದ್ದೆಲ್ಲ ಒಣಹುಲ್ಲು. ಈಗ ಹೊತ್ತಿಕೊಂಡದ್ದು ಮನೆಯ ತೊಲೆ.

‘ಮಗೀನ ಯಾಕವ್ವಾ ದೂರ ತಳ್ತೀಯ?’ ಅಣ್ಣಮ್ಮ ಕೇಳಿದಳು. ‘ಅಮ್ಮಂಗೆ ನನ್ ಕಂಡ್ರೆ ಆಗಲ್ಲ ಅಂತ ಅಳ್ತಿತ್ತು ಕಣೆ.’

ಕೋಮಲಾ ಹೇಳಲು ಬಾಯಿ ತೆರೆದಳು. ಕೆಮ್ಮು ಬಂತು. ಹಿತ್ತಿಲಿಗೆ ಓಡಿ ಅಲ್ಲಿ ಕೆಮ್ಮಿದಳು.

ಡಾಕ್ಟರು ಫೋನ್ ಮಾಡಿದಾಗ ಅವಳು ಪಾತ್ರೆ ಬೆಳಗುತ್ತಿದ್ದಳು. ಕೈಯಲ್ಲಿ ಬೂದಿ ಇದ್ದದ್ದರಿಂದ ನಟರಾಜನೇ ಫೋನ್ ಎತ್ತಿ ಸ್ಪೀಕರಿಗೆ ಹಾಕಿದ. ಹೀಗಾಗಿ ಆ ಮಾತನ್ನು ಇಡೀ ಮನೆ ಒಟ್ಟಿಗೆ ಕೇಳಿತು.

‘ಕೋಮಲಾ, ನಿಮ್ಮ ಕಣಗಳು ಎದ್ದಿವೆ. ಸಾಕಷ್ಟು. ನಾಳೆಯೇ ಬನ್ನಿ, ಸ್ಕ್ಯಾನ್ ಮಾಡೋಣ.’

ನಟರಾಜ್ ಫೋನನ್ನು ಹಿಡಿದುಕೊಂಡೇ ನಿಂತಿದ್ದ. ಅವನ ಬಾಯಿಂದ ಏನಾದರೂ ತಮಾಷೆ ಬರುತ್ತದೆಂದು ಕೋಮಲಾ ಕಾದಳು. ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಸ್ಕ್ಯಾನಿನಲ್ಲಿ ಸಿಕ್ಕಿತು. ಹೃದಯದ ನೆರಳಿನ ಹಿಂದೆ, ಎಕ್ಸ್‌ರೇಗೆ ಕಾಣದ ಮೂಲೆಯಲ್ಲಿ ಒಂದು ಸಣ್ಣ ಮಚ್ಚೆ. ಮೂಗಿನಿಂದ ನಳಿಗೆ ಇಳಿಸಿ ಅಲ್ಲಿಯ ನೀರು ತೆಗೆದು ನೋಡಿದಾಗ ರೋಗಾಣು ಇತ್ತು. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ನಾಲ್ಕು ಔಷಧಿಗಳ ಮಾತ್ರೆ ಶುರುವಾಯಿತು. ‘ಇಷ್ಟು ಸಣ್ಣ ಮಚ್ಚೆಯಿಂದ ಬೇರೆಯವರಿಗೆ ಹರಡಿರೋ ಸಾಧ್ಯತೆ ಕಡಿಮೆ. ಆದರೂ ಮೊದಲ ಕೆಲವು ವಾರ ಬೇರೆಯೇ ಮಲಗಿ’ ಎಂದರು ಭವ್ಯಶ್ರೀ.

ನಟರಾಜ್ ಅವಳ ಮುಂದೆ ಕೂತು ನೆಲ ನೋಡುತ್ತಾ, ‘ಲೇ, ನಾನು ಸುಮ್ಕೆ ತಮಾಸೆಗಂದೆ ಕಣೆ’ ಎಂದ. ‘ಗೊತ್ತು’ ಎಂದಳು ಅವಳು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅಣ್ಣಮ್ಮ ಸ್ಟೂಲು ಹತ್ತಿ, ಬಾಣಂತಿ ಕೋಣೆಯ ಕಿಟಕಿಯ ಸಂದಿಯಲ್ಲಿ ಇನ್ನೂ ಉಳಿದಿದ್ದ ಗೋಣಿಚೀಲದ ಚಿಂದಿಯನ್ನು ಚಾಕುವಿನಿಂದ ಕಿತ್ತು ಕಿತ್ತು ಎಸೆಯುತ್ತಿದ್ದಳು. ಆಮೇಲೆ ಒಲೆ ಹಚ್ಚಿದಳು. ಎರಡು ಮೊಟ್ಟೆ ಬೇಯಿಸಿ, ಸಿಪ್ಪೆ ಸುಲಿದು, ಮೆಣಸು ಉದುರಿಸಿ ಹಿರಿಯ ಸೊಸೆಯ ಮುಂದೆ ತಂದಿಟ್ಟಳು.

‘ಉಣ್ಣವ್ವಾ.’

ಮೊಟ್ಟೆಯ ವಾಸನೆಗೆ ಕೋಮಲಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮಾತ್ರೆ ನುಂಗಿದ ಮೇಲೆ ಅವಳ ಬಾಯಿಗೆ ಏನೂ ಸೇರುತ್ತಿರಲಿಲ್ಲ. ಅತ್ತೆ ಕಣ್ಣೆದುರು ನಿಂತಿದ್ದಳು, ತಟ್ಟೆ ಬಿಟ್ಟು ಏಳುವಂತಿರಲಿಲ್ಲ. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ ನುಂಗಿದಳು. ಅತ್ತೆ ಅತ್ತ ಹೋದಮೇಲೆ ಮಾನಸಾ ಬಂದು ತಟ್ಟೆ ಎತ್ತಿಕೊಂಡಳು.

‘ಬ್ಯಾಡ ಅಂದ್ರೆ ಬುಡಿ ಅಕ್ಕ, ನಾನು ನಾಯಿಗಾಕ್ತೀನಿ. ನಂಗೂ ಅಂಗೇ ಆಯ್ತಿತ್ತು. ವಾಂತಿ ಬರೋದು.’

‘ನೀನು ದಿನಾ ತಿಂತಿದ್ದೆಯಲ್ಲ!’

‘ನೀವು ನೋಡ್ತಿದ್ರಲ್ಲ ಅಕ್ಕ.’ ಮಾನಸಾ ತಟ್ಟೆಯನ್ನೇ ನೋಡುತ್ತಿದ್ದಳು. ‘ನೀವು ಆ ಕಡೆಯಿಂದ ಅಂಗೆ ನೋಡ್ತಿದ್ರೆ, ಇದು ಬ್ಯಾಡ ಅನ್ನಕೆ ನಂಗೆ ಮನಸೇ ಬತ್ತಿರ್ಲಿಲ್ಲ. ವಂಶಿ ನಿಮ್ಮೆದೆ ಮ್ಯಾಲೆ ಮಲಗಿರೋದು. ನಾನು ಮುಟ್ಟಿದ್ರೆ ಅಳೋದು, ನೀವು ಎತ್ಕೊಂಡ್ರೆ ಸುಮ್ಕಾಗೋದು. ನಿಮ್ಮ ಕೈಯಲ್ಲಿ ಅವನು, ನನ್ನ ಕೈಯಲ್ಲಿ ಮೊಟ್ಟೆ. ಇದಾದ್ರೂ ನಂದು ಅಂತ ತಿನ್ನೋಳು.’

ಮಾನಸಾ ಹೇಳಿದ್ದು ನಿಜವೆಂದು ಕೋಮಲಾಗೆ ತಿಳಿಯಿತು. ಆದರೆ ತಿಳಿದದ್ದರಿಂದ ಅವಳೊಳಗಿನ ಉರಿ ತಣ್ಣಗಾಗಲಿಲ್ಲ. ‘ಇಂಚರ ರಾತ್ರಿ ಹೊದಿಕೆ ಒದೀತಾಳೆ, ನೋಡ್ಕೊ’ ಎಂದಷ್ಟೇ ಹೇಳಿದಳು. ಹೇಳಿದ ಮೇಲೆ, ಅದೂ ಮಾನಸಾಗೆ ಈಗ ಗೊತ್ತಿದ್ದೀತು ಎನ್ನಿಸಿ ಕಣ್ಣಲ್ಲಿ ನೀರು ಬಂತು.

ಆ ವಾರದ ಕೊನೆಗೆ ದಿಲೀಪ್ ಬೈಕ್ ನಿಲ್ಲಿಸುವ ಮೊದಲೇ ಬಾಗಿಲಿಂದ ಕೂಗಿದ. ‘ಅಕ್ಕಾ, ನಿಮ್ಮ ಮಗೀಗೆ ಏನೂ ಇಲ್ಲ ಕಣ್ರೀ! ರಕ್ತದಲ್ಲಿ ಗುರುತೇ ಇಲ್ಲ. ರೂಲ್ಸ್ ಪ್ರಕಾರ ಇನ್ನೊಂದ್ಸಲ ನೋಡ್ತೀವಿ, ಆ ಕಿರುಚಾಟ ಇನ್ನೊಂದ್ಸಲ ಕೇಳಕೆ ನಾನು ರೆಡಿ ಇಲ್ಲ, ಬೇರೆಯೋರ್ನ ಕಳಿಸ್ತೀನಿ.’

ಅಣ್ಣಮ್ಮ ಅಂಗಳದಲ್ಲೇ ಕೈಮುಗಿದು ಮೇಲೆ ನೋಡಿದಳು. ನಟರಾಜ್ ಮಗಳನ್ನು ಎತ್ತಿ ಗಿರ್ರನೆ ತಿರುಗಿಸಿದ. ಕೋಮಲಾ ಜಗಲಿಯ ಕಂಬಕ್ಕೆ ಒರಗಿ ಕೂತಳು. ಮಗಳನ್ನು ಕರೆದು ಮಡಿಲಿಗೆ ಎಳೆದುಕೊಳ್ಳಬೇಕೆನ್ನಿಸಿತು. ಕೈ ಮುಂದೆ ಹೋಯಿತು, ಡಾಕ್ಟರ ಮಾತು ನೆನಪಾಗಿ ಹಿಂದೆ ಬಂತು. ಇಂಚರ ಅಪ್ಪನ ತೋಳಿಂದ ಜಾರಿ, ಅಮ್ಮನ ಕಡೆ ಒಮ್ಮೆ ನೋಡಿ, ಚಿಕ್ಕಮ್ಮನ ಕಡೆ ಓಡಿದಳು. ಶಾಲೆಗೆ ಹೊತ್ತಾಗಿತ್ತು, ಜಡೆ ಹಾಕಿಸಿಕೊಳ್ಳಬೇಕಿತ್ತು.

ಮಾನಸಾ ಅಂಗಳದ ಕಲ್ಲಿನ ಮೇಲೆ ಕೂತು ಅವಳನ್ನು ಮಂಡಿಯ ನಡುವೆ ನಿಲ್ಲಿಸಿಕೊಂಡಳು. ಬಾಚಣಿಗೆಯಿಂದ ಬೈತಲೆ ತೆಗೆದಳು. ಮಗು ಜಗಲಿಯ ಕಡೆ ಮುಖ ಮಾಡಿ ನಿಂತಿತ್ತು. ಬೆಳಗಿನ ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿಕೊಂಡು, ತಾಯಿಯನ್ನೇ ನೋಡುತ್ತಿತ್ತು. ಎಷ್ಟೋ ದಿನದ ಮೇಲೆ ಕೋಮಲಾ ಆ ಮುಖವನ್ನು ಪೂರ್ತಿಯಾಗಿ ನೋಡಿದಳು. ಜಡೆ ಮುಗಿದರೆ ಅದು ಅತ್ತ ತಿರುಗಿ ಹೊರಟುಹೋಗುತ್ತದೆ.

‘ಬೈತಲೆ ಸೊಟ್ಟ ಆಗೈತೆ’ ಎಂದಳು ಕೋಮಲಾ.

ಮಾನಸಾ ಕೂದಲು ಬಿಚ್ಚಿ, ಮತ್ತೆ ಬಾಚಿ, ಹಣೆಯಿಂದ ನೆತ್ತಿಗೆ ಗೆರೆ ಎಳೆದಳು.

ಗೆರೆ ನೇರವಾಗಿಯೇ ಇತ್ತು. ಮೊದಲಿನದ್ದೂ ನೇರವಾಗಿಯೇ ಇತ್ತು.

‘ಇನ್ನೂ ಸೊಟ್ಟ’ ಎಂದಳು ಕೋಮಲಾ. ಮಾನಸಾ ತಲೆಯೆತ್ತಿ ಅವಳನ್ನು ನೋಡಿದಳು, ಆಮೇಲೆ ನಿಧಾನವಾಗಿ ಕೂದಲನ್ನು ಬಿಚ್ಚತೊಡಗಿದಳು.